ಕರಿಕಲ್ಲಿಗೂ ಊರಿನ ಹೆಸರು

ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆ ನೆಲದಡಿ ಕರಿಕಲ್ಲು ಬಹಳ. ಇದು ಎಲ್ಲಿಂದ ಬಂತು?

ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನ್ ನೆಲ ಬಿರಿಯಿತು. ಕರಗಿದ ಕಲ್ಲು ಉಕ್ಕಿ ಹರಿಯಿತು. ಅದೇ ಲಾವಾ. ಅದು ಆರಿ ಗಟ್ಟಿಯಾಯಿತು. ಅದರ ಮೇಲೆ ಮತ್ತೊಂದು ಹರಿವು ಬಂತು. ರೊಟ್ಟಿ ಮೇಲೆ ರೊಟ್ಟಿ ಇಟ್ಟ ಹಾಗೆ ಪದರಗಳಾದವು.

ಪದರಗಳೆಲ್ಲ ನೋಡಲು ಒಂದೇ ತರಹ. ಗುರುತು ಹಿಡಿಯೋದು ಹೇಗೆ? ಭೂವಿಜ್ಞಾನಿಗಳು ಕಲ್ಲನ್ನು ಪುಡಿ ಮಾಡಿ ಪರೀಕ್ಷಿಸುತ್ತಾರೆ. ಒಂದೇ ಗುಣದ ಪದರಗಳನ್ನು ಒಂದು ಗುಂಪು ಮಾಡುತ್ತಾರೆ. ಗುಂಪಿಗೆ ಊರಿನ ಹೆಸರು ಇಡುತ್ತಾರೆ. ಮಹಾರಾಷ್ಟ್ರದ ಮಹಾಬಳೇಶ್ವರದ ಹೆಸರಿನ ಗುಂಪು ಕೆಳಗೆ. ಅದರ ಮೇಲೆ ಪನ್ಹಾಳ. ಅದಕ್ಕೂ ಮೇಲೆ ನಮ್ಮ ಬೆಳಗಾವಿ ಹತ್ತಿರದ ದೇಸೂರ!

ಪದರ ತಿಳಿದರೆ ನಮಗೇನು ಲಾಭ? ಬಾವಿ ತೋಡುವಾಗ ಲಾಭ. ಹರಿವಿನ ನಡುವಿನ ಕಲ್ಲು ಗಟ್ಟಿ. ಬಿರುಕು ಇಲ್ಲದಿದ್ದರೆ ಅಲ್ಲಿ ನೀರು ಸಿಗೋದು ಕಷ್ಟ. ಸವೆದ, ಬಿರುಕು ಬಿಟ್ಟ ಪದರದಲ್ಲಿ ನೀರು ನಿಲ್ಲುತ್ತದೆ.

ಬಾವಿ ಒಣಗಿದರೆ ಸಾಲ ಉಳಿಯುತ್ತದೆ. ದೂರದಿಂದ ಕೊಡ ಹೊರೋರು ನಾವೇ. ಅದಕ್ಕೇ ಮೊದಲು ತಿಳಿದವರನ್ನು ಕೇಳೋಣ. ಆಮೇಲೆ ತೋಡೋಣ.