ರಸ್ತೆಯಿಲ್ಲದ ಕಡಲೂರು

ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಮಗನ ಮನೆಗೆ ಹೋದಾಗ ಒಂದು ಭಾನುವಾರ ರಾಯಲ್ ನ್ಯಾಷನಲ್ ಪಾರ್ಕಿಗೆ ಹೊರಟೆವು. ನಗರದ ದಕ್ಷಿಣಕ್ಕಿರುವ ಇದು 1879ರಲ್ಲಿ ಸ್ಥಾಪನೆಯಾದದ್ದು. ಜಗತ್ತಿನ ಅತಿ ಹಳೆಯ ರಾಷ್ಟ್ರೀಯ ಉದ್ಯಾನಗಳಲ್ಲೊಂದು. ಗಾರವಾರಾ ಫಾರ್ಮ್ ಎಂಬಲ್ಲಿ ಕಾರು ನಿಂತಿತು. ಮುಂದೆ ಕಡಿದಾದ ಕಾಲುದಾರಿ ಮಾತ್ರ. ಮೊಮ್ಮಗಳ ಕೈಹಿಡಿದು ಇಳಿಯುತ್ತಾ ಹೋದಂತೆ ಸಮುದ್ರ ಕಾಣಿಸಿತು. ಅದರ ಪಕ್ಕದ ಹುಲ್ಲುಗುಡ್ಡದಲ್ಲಿ ಬೆಂಕಿಪೊಟ್ಟಣ ಚೆಲ್ಲಿದ ಹಾಗೆ ಪುಟ್ಟಪುಟ್ಟ ಮನೆಗಳು!

ಆ ಜಾಗದ ಹೆಸರು ಈರಾ. ಅಕ್ಕಪಕ್ಕದ ಬರ್ನಿಂಗ್ ಪಾಮ್ಸ್, ಲಿಟಲ್ ಗ್ಯಾರಿ ಸೇರಿ ಮೂರು ಕಡೆ ಸುಮಾರು 140 ರಜಾ ಮನೆಗಳಿವೆ. ಮೊದಲು ಇಲ್ಲಿ ಮೀನು ಹಿಡಿಯುವವರು, ಚಾರಣಿಗರು ಡೇರೆ ಹಾಕುತ್ತಿದ್ದರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಕಲ್ಲಿದ್ದಲು ಗಣಿಯ ಕಾರ್ಮಿಕರೂ ಬಂದು ನೆಲೆಸಿದರು. ಮರ, ತಗಡು, ಕಿಟಕಿ, ಒಲೆ ಎಲ್ಲವನ್ನೂ ಗುಡ್ಡದಿಂದ ಹೊತ್ತೇ ಇಳಿಸಬೇಕಿತ್ತು. ಅದಕ್ಕೇ ಮನೆಗಳು ಇಷ್ಟು ಚಿಕ್ಕವು. ಈಗಲೂ ವಿದ್ಯುತ್ ತಂತಿ ಬಂದಿಲ್ಲ, ಸೌರಫಲಕಗಳಿವೆ. ಕುಡಿಯಲು ತೊಟ್ಟಿಯಲ್ಲಿ ಹಿಡಿದ ಮಳೆನೀರು. ಮನೆಗಳ ನಡುವೆ ಜಿಂಕೆಗಳು ಮೇಯುತ್ತವೆ. ಅವು ಹೊರದೇಶದಿಂದ ತಂದು ಬಿಟ್ಟ ರೂಸಾ ಜಿಂಕೆಗಳು, ನಮ್ಮ ಕಡವೆಯ ಹತ್ತಿರದ ನೆಂಟರು.

"ತಾತಾ, ಈ ಮನೆ ಯಾರದ್ದು?" ಎಂದು ಮೊಮ್ಮಗಳು ಕೇಳಿದಳು. ಸುಲಭದ ಪ್ರಶ್ನೆಯಲ್ಲ. ಈ ನೆಲವೂ ಉದ್ಯಾನಕ್ಕೆ ಸೇರಿದ ಮೇಲೆ ಸರ್ಕಾರಕ್ಕೂ ಅದೇ ಪ್ರಶ್ನೆ ಬಂತು. ಎಲ್ಲರಿಗೂ ಸೇರಿದ ಕಾಡಿನಲ್ಲಿ ಕೆಲವರ ಮನೆ ಇರಬಹುದೇ? ಮನೆಯ ಯಜಮಾನ ತೀರಿಕೊಂಡರೆ ಮನೆಯನ್ನೂ ತೆಗೆಯಬೇಕೆಂಬ ನಿಯಮ ಬಂತು. ಹಲವು ಮನೆಗಳು ನೆಲಸಮವಾದವು. ಅಜ್ಜ ಕಟ್ಟಿದ್ದನ್ನು ಮೊಮ್ಮಕ್ಕಳು ಕಳೆದುಕೊಳ್ಳುವ ಸ್ಥಿತಿ.

ಕುಟುಂಬಗಳು ಒಗ್ಗಟ್ಟಾಗಿ ದಶಕಗಳ ಕಾಲ ಹೋರಾಡಿದವು. ಮನೆಯವರು ಬರೀ ರಜೆ ಕಳೆಯುತ್ತಿರಲಿಲ್ಲ. ಸ್ವಯಂಸೇವಕರಾಗಿ ಕಡಲತೀರ ಕಾಯ್ದು, ಅಲೆಗೆ ಸಿಕ್ಕವರನ್ನು ಎಳೆದು ತರುತ್ತಿದ್ದರು. ಕೊನೆಗೆ 2012ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯವು ಈ ಮೂರೂ ವಸತಿಗಳನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನೆಲ ಸರ್ಕಾರದ್ದೇ, ಮನೆಯವರು ಪರವಾನಗಿ ಶುಲ್ಕ ಕಟ್ಟುತ್ತಾರೆ.

ಬ್ಯಾಂಕಿನಲ್ಲಿ ಮನೆಸಾಲದ ಕಡತ ನೋಡಿದವನು ನಾನು. ಹಕ್ಕುಪತ್ರವಿಲ್ಲದ ತಗಡಿನ ಮನೆಗೆ ನಾವು ಒಂದು ರೂಪಾಯಿ ಸಾಲವನ್ನೂ ಕೊಡುತ್ತಿರಲಿಲ್ಲ. ಅಂಥ ಮನೆಗಳನ್ನು ಒಂದು ರಾಜ್ಯವೇ ಆಸ್ತಿಯೆಂದು ಬರೆದಿಟ್ಟುಕೊಂಡಿದೆ. ಮೊಮ್ಮಗಳಿಗೆ ಇದನ್ನು ಹೇಳಿದಾಗ, "ಹಾಗಾದರೆ ಹೊತ್ತು ತಂದದ್ದಕ್ಕೂ ಬೆಲೆ ಸಿಕ್ಕಿತು!" ಎಂದಳು.

ನೀವು ಹೋದರೆ ನೀರು, ಬುತ್ತಿ ಒಯ್ಯಿರಿ, ಅಲ್ಲಿ ಅಂಗಡಿಯಿಲ್ಲ. ಹಿರಿಯರಿಗೆ ಊರುಗೋಲು ಬೇಕೇ ಬೇಕು. ಕಸವನ್ನು ಮಾತ್ರ ಅಲ್ಲಿ ಬಿಡದೆ ಮೇಲಕ್ಕೆ ಹೊತ್ತು ತನ್ನಿ.