ಪೊರೆ ಬಲಿಯುವವರೆಗೆ ಕಾಯಬೇಕೆ?

ನಮ್ಮ ಮನೆಯ ಪಡಸಾಲೆಯಲ್ಲಿ ತಂದೆಯವರದೊಂದು ಬೆತ್ತದ ಕುರ್ಚಿಯಿದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿ ನಿವೃತ್ತರಾದ ಅವರಿಗೆ ಬೆಳಗಿನ ಕಾಫಿಯೂ ದಿನಪತ್ರಿಕೆಯೂ ಒಟ್ಟಿಗೇ ಬರಬೇಕು. ಮೂರು ವರ್ಷಗಳ ಹಿಂದೆ ಆ ಕುರ್ಚಿ ಗೋಡೆಯ ಬದಿಯಿಂದ ಕಿಟಕಿಯ ಹತ್ತಿರಕ್ಕೆ ಸರಿಯಿತು. ಕೆಲವು ತಿಂಗಳಲ್ಲಿ ಕಿಟಕಿಯಿಂದ ಜಗಲಿಗೆ ಬಂತು. ಕಡೆಗೊಂದು ದಿನ ಪತ್ರಿಕೆಯನ್ನು ಮಡಿಸಿ ನನ್ನ ಕೈಗಿತ್ತು, "ನೀನೇ ಓದಿ ಹೇಳಪ್ಪ. ಅಕ್ಷರವೆಲ್ಲ ಮಂಜಿನೊಳಗೆ ನಿಂತ ಹಾಗಿದೆ" ಎಂದರು.

ಬಂಧುಗಳೂ ನೆರೆಹೊರೆಯವರೂ ಒಂದೇ ಮಾತು ಹೇಳಿದರು: "ಪೊರೆ ಬಂದಿದೆ. ಬಲಿಯಲಿ, ಆಮೇಲೆ ತೆಗೆಸಿದರಾಯಿತು." ಬೇಸಿಗೆಯಲ್ಲಿ ಬೇಡ, ಚಳಿಗಾಲ ಬರಲಿ ಎಂದರು ಕೆಲವರು. ನಂದಿಬಟ್ಟಲು ಹೂವನ್ನು ರಾತ್ರಿ ಕಣ್ಣಿನ ಮೇಲಿಟ್ಟುಕೊಂಡರೆ ತಂಪೆಂದರು ಇನ್ನು ಕೆಲವರು. ಒಂದು ವರ್ಷಕ್ಕೂ ಹೆಚ್ಚು ಕಾಲ ನಾವು ಕಾದೆವು. ಈ ನಡುವೆ ತಂದೆಯವರ ಬಲಭುಜ ಬಾಗಿಲ ಚೌಕಟ್ಟಿಗೆ ತಗುಲುವುದೂ, ಬಲಗಡೆ ಇಟ್ಟ ನೀರಿನ ಲೋಟ ಉರುಳುವುದೂ ಹೆಚ್ಚಾಯಿತು. ಅದನ್ನೂ ನಾವು ಪೊರೆಯ ಲೆಕ್ಕಕ್ಕೇ ಬರೆದೆವು.

ಕೊನೆಗೆ ಕಣ್ಣಿನ ಡಾಕ್ಟರರಲ್ಲಿಗೆ ಹೋದಾಗ ಅವರು ಬಹಳ ಹೊತ್ತು ಪರೀಕ್ಷಿಸಿ ಹೇಳಿದರು: "ಎರಡು ಕಣ್ಣಿನಲ್ಲೂ ಪೊರೆಯಿದೆ, ತೆಗೆಯೋಣ. ಎಡಗಣ್ಣಿಗೆ ದೃಷ್ಟಿ ಚೆನ್ನಾಗಿಯೇ ಬರುತ್ತದೆ. ಆದರೆ ಬಲಗಣ್ಣಿನಲ್ಲಿ ಗ್ಲಾಕೋಮಾ ಕೂಡ ಇದೆ. ನರ ಬಹುಮಟ್ಟಿಗೆ ಸೊರಗಿಹೋಗಿದೆ. ಅಲ್ಲಿ ಹೋದದ್ದು ಮತ್ತೆ ಬರುವುದಿಲ್ಲ."

ದೃಷ್ಟಿನಾಶದಲ್ಲಿ ಎರಡು ಬಗೆಯೆಂಬುದನ್ನು ನಾನು ಕಲಿತದ್ದು ಅಂದು. ಒಂದು, ಚಿಕಿತ್ಸೆಯಿಂದ ಮರಳಿ ಬರುವಂಥದು. ಇನ್ನೊಂದು, ಎಂದಿಗೂ ಮರಳಿ ಬಾರದಂಥದು. ಎರಡರಲ್ಲಿಯೂ ಸಾಮಾನ್ಯವಾಗಿ ನೋವಿರುವುದಿಲ್ಲ. ಯಾವುದು ಯಾವುದೆಂದು ಮನೆಯಲ್ಲಿ ಕುಳಿತು ಗುರುತಿಸುವುದು ಸಾಧ್ಯವಿಲ್ಲ.

ಮರಳಿ ಬರುವ ಬೆಳಕು

ಮೊದಲು ಪೊರೆಯ ವಿಚಾರ. ಕಣ್ಣಿನ ಪಾಪೆಯ ಹಿಂದೆ ಸ್ಫಟಿಕದಂತೆ ತಿಳಿಯಾದ ಒಂದು ಮಸೂರವಿದೆ. ವಯಸ್ಸಾದಂತೆ ಅದರೊಳಗಿನ ಪ್ರೋಟೀನುಗಳು ಗಂಟುಗಟ್ಟಿ ಮಸೂರ ಮಬ್ಬಾಗುತ್ತದೆ. ಇದೇ ಪೊರೆ. ಅದು ಕಣ್ಣಿನ ಮೇಲೆ ಬೆಳೆದ ಚರ್ಮವಲ್ಲ. ಆದುದರಿಂದ ಅದನ್ನು ಜೇನುತುಪ್ಪವಾಗಲಿ, ಹೂವಿನ ರಸವಾಗಲಿ, ಅಂಗಡಿಯಲ್ಲಿ ದೊರೆಯುವ ಹನಿಗಳಾಗಲಿ ಕರಗಿಸಲಾರವು. ಮಸಕು ತೊಂದರೆ ಕೊಡುವಷ್ಟಾದರೆ ಶಸ್ತ್ರಚಿಕಿತ್ಸೆಯೊಂದೇ ದಾರಿ.

ಪೊರೆ ಬಲಿಯಲಿ ಎಂಬ ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ. ಹಿಂದಿನ ಪದ್ಧತಿಯಲ್ಲಿ ಕಣ್ಣನ್ನು ಅಗಲವಾಗಿ ಕೊಯ್ದು ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು. ಬದಲಿಗೆ ಒಳಗೇನನ್ನೂ ಇಡುತ್ತಿರಲಿಲ್ಲ. ರೋಗಿ ಆಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಿಕೊಳ್ಳಬೇಕಾಗಿತ್ತು. ಅಂಥ ಕನ್ನಡಕದ ಪಾಡಿಗಿಂತ ಇರುವ ಮಸಕೇ ಮೇಲೆಂದು, ದೃಷ್ಟಿ ಪೂರ್ತಿ ಕುಂದುವವರೆಗೆ ಕಾಯುವುದು ಆ ಕಾಲಕ್ಕೆ ವಿವೇಕವೇ ಆಗಿತ್ತು. ನಮ್ಮ ನಾಡಿನ ಡಾ. ಎಂ. ಸಿ. ಮೋದಿಯವರು ಊರೂರು ಅಲೆದು, ಶಿಬಿರಗಳಲ್ಲಿ ಒಂದೇ ದಿನ ನೂರಾರು ಬಡವರ ಪೊರೆ ತೆಗೆದು ಅವರ ಬಾಳಿಗೆ ಬೆಳಕು ತಂದುದನ್ನು ಇಲ್ಲಿ ಸ್ಮರಿಸಬೇಕು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರನ್ನು ಅರಸಿಬಂದವು.

ವಿಮಾನದ ಗಾಜಿನ ಚೂರು

ಕಾಲವನ್ನು ಬದಲಿಸಿದವರು ಲಂಡನ್ನಿನ ಹೆರಾಲ್ಡ್ ರಿಡ್ಲೆ ಎಂಬ ನೇತ್ರವೈದ್ಯರು. ಎರಡನೆಯ ಮಹಾಯುದ್ಧದಲ್ಲಿ ಗುಂಡೇಟಿಗೆ ಸಿಕ್ಕ ವಿಮಾನಗಳ ಮೇಲ್ಮುಚ್ಚಳ ಒಡೆದು, ಅದರ ಚೂರುಗಳು ಚಾಲಕರ ಕಣ್ಣಿನೊಳಗೆ ಹೊಕ್ಕಿದ್ದವು. ಆ ಮುಚ್ಚಳ ನಿಜವಾದ ಗಾಜಿನದಲ್ಲ, ಪರ್ಸ್ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನದು. ಆ ಚೂರುಗಳು ಒಳಗೇ ಉಳಿದರೂ ಕಣ್ಣು ಕೆರಳದೆ ಇದ್ದುದನ್ನು ರಿಡ್ಲೆ ಗಮನಿಸಿದರು. ಹಾಗಾದರೆ ಇದೇ ವಸ್ತುವಿನಿಂದ ಮಸೂರವನ್ನೇಕೆ ಮಾಡಬಾರದು? 1949ರ ನವೆಂಬರ್ 29ರಂದು ಮೊತ್ತಮೊದಲ ಕೃತಕ ಮಸೂರವನ್ನು ಅವರು ಮನುಷ್ಯನ ಕಣ್ಣಿನಲ್ಲಿಟ್ಟರು. ಮುಂದೆ 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ನರು, ದಂತವೈದ್ಯರು ಹಲ್ಲು ಶುಚಿ ಮಾಡುವ ಉಪಕರಣದಿಂದ ಸ್ಫೂರ್ತಿ ಪಡೆದು, ಶ್ರವಣಾತೀತ ತರಂಗಗಳಿಂದ ಪೊರೆಯನ್ನು ಪುಡಿಗೈದು ಹೀರಿ ತೆಗೆಯುವ ವಿಧಾನವನ್ನು ಬಳಕೆಗೆ ತಂದರು.

ಇಂದು ಕೊಯ್ತ ಎರಡು ಮೂರು ಮಿಲಿಮೀಟರಿನಷ್ಟೇ. ಬಹುಪಾಲು ಹೊಲಿಗೆಯೂ ಬೇಕಿಲ್ಲ. ಕಣ್ಣನ್ನಷ್ಟೇ ಮರಗಟ್ಟಿಸಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕೆಲಸ ಮುಗಿಸುತ್ತಾರೆ. ಈ ವಿಧಾನಕ್ಕೆ ಬಲಿತ ಪೊರೆಯೇ ತೊಡಕು. ಗಟ್ಟಿಯಾದಷ್ಟೂ ಒಡೆಯುವುದು ಕಷ್ಟ. ಅತಿಯಾಗಿ ಬಲಿತದ್ದು ಉಬ್ಬಿ, ಇಲ್ಲವೆ ಸೋರಿ ಕಣ್ಣಿನ ಒತ್ತಡವನ್ನು ಏರಿಸಲೂಬಹುದು. ಆದ್ದರಿಂದ ಓದು, ಅಡಿಗೆ, ರಸ್ತೆ ದಾಟುವುದು ಮುಂತಾದ ನಿತ್ಯದ ಕೆಲಸಕ್ಕೆ ಮಸಕು ಅಡ್ಡಬಂದಾಗಲೇ ವೈದ್ಯರೊಡನೆ ಮಾತನಾಡಬೇಕು. ಋತುವಿನ ಕಟ್ಟುಪಾಡೂ ಇಲ್ಲ.

ಮಸೂರದ ಬೆಲೆಯ ಪಟ್ಟಿಯನ್ನು ಕಂಡು ಗೃಹಸ್ಥರು ಗಾಬರಿಯಾಗುವುದುಂಟು. ದೂರದ ನೋಟಕ್ಕೆ ಹೊಂದಿಸಿದ ಸಾಧಾರಣ ಮಸೂರದಿಂದಲೂ ದೃಷ್ಟಿ ಸ್ವಚ್ಛವಾಗಿಯೇ ಬರುತ್ತದೆ. ಓದಲು ಮಾತ್ರ ಕನ್ನಡಕ ಬೇಕು. ದುಬಾರಿ ಮಸೂರಗಳು ಮುಖ್ಯವಾಗಿ ಕನ್ನಡಕದ ಅಗತ್ಯವನ್ನು ಕಡಿಮೆ ಮಾಡುತ್ತವೆ. ಅವುಗಳಲ್ಲಿ ಕೆಲವು ರಾತ್ರಿ ದೀಪಗಳ ಸುತ್ತ ಪ್ರಭೆಯನ್ನು ತೋರಿಸುವುದೂ ಉಂಟು. ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ ನಿರ್ಧರಿಸಬೇಕು.

ಸದ್ದಿಲ್ಲದ ಕಳ್ಳ

ಇನ್ನು ಗ್ಲಾಕೋಮಾ. ಕಣ್ಣಿನೊಳಗೆ ಸದಾ ಒಂದು ತಿಳಿದ್ರವ ಉತ್ಪನ್ನವಾಗಿ ಹೊರಹರಿಯುತ್ತಿರುತ್ತದೆ. ಹೊರದಾರಿ ಕಟ್ಟಿದರೆ ಒತ್ತಡ ಏರುತ್ತದೆ. ಕಣ್ಣಿನಿಂದ ಮಿದುಳಿಗೆ ನೋಟವನ್ನೊಯ್ಯುವ ನರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿವೆ. ಒತ್ತಡಕ್ಕೆ ಸಿಕ್ಕ ಎಳೆಗಳು ಒಂದೊಂದಾಗಿ ಸಾಯುತ್ತವೆ. ನೋಟ ಸಾಮಾನ್ಯವಾಗಿ ಅಂಚಿನಿಂದ ಕುಗ್ಗುತ್ತ ಬರುತ್ತದೆ. ನಟ್ಟನಡುವೆ ಕೊನೆಯವರೆಗೂ ಸ್ಪಷ್ಟವಾಗಿಯೇ ಇರಬಹುದು. ಹೀಗಾಗಿ ಗೋಡೆಯ ಮೇಲಿನ ಅಕ್ಷರಗಳನ್ನು ಓದಿದವನಿಗೂ ಈ ರೋಗ ಇಲ್ಲವೆನ್ನುವಂತಿಲ್ಲ. ಒತ್ತಡ ಅಳೆದರಷ್ಟೇ ಸಾಲದು, ಏಕೆಂದರೆ ಒತ್ತಡ ಮಿತಿಯಲ್ಲಿದ್ದೂ ನರ ಕೆಡುವುದುಂಟು. ನರವನ್ನು ನೋಡಬೇಕು, ದೃಷ್ಟಿಯ ಹರವನ್ನೂ ಪರೀಕ್ಷಿಸಬೇಕು.

ದಿನವೂ ಹಾಕುವ ಹನಿಗಳು, ಲೇಸರ್, ಶಸ್ತ್ರಚಿಕಿತ್ಸೆ—ಚಿಕಿತ್ಸೆಗಳು ಇವು. ಇವೆಲ್ಲದರ ಗುರಿ ಉಳಿದಿರುವುದನ್ನು ಉಳಿಸುವುದು, ಹೋದದ್ದನ್ನು ತರುವುದಲ್ಲ. ಕಣ್ಣು ಹೋದ ಮೇಲೆ ಸೂರ್ಯನಮಸ್ಕಾರ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಈ ರೋಗ ರಕ್ತಸಂಬಂಧದಲ್ಲಿ ಹರಿಯುವಂಥದು. ತಂದೆತಾಯಿಗಳಿಗೆ ಇದ್ದರೆ ಮಕ್ಕಳೂ, ಒಬ್ಬರಿಗೆ ಇದ್ದರೆ ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ವೈದ್ಯರನ್ನು ಕೇಳದೆ ಸ್ಟಿರಾಯ್ಡ್ ಹನಿಗಳನ್ನು ತಿಂಗಳುಗಟ್ಟಲೆ ಹಾಕಿಕೊಂಡವರಿಗೂ ಗ್ಲಾಕೋಮಾ, ಪೊರೆ ಎರಡೂ ಬರಬಹುದು. ಕಣ್ಣು ಕೆಂಪಾದಾಗಲೆಲ್ಲ ಔಷಧದಂಗಡಿಯಿಂದ ಹಳೆಯ ಚೀಟಿಯ ಹನಿ ತರಿಸುವ ಅಭ್ಯಾಸವನ್ನು ಬಿಡುವುದು ಲೇಸು.

ಸಕ್ಕರೆ ಕಾಯಿಲೆಯೂ ಕಣ್ಣೂ

ಮಧುಮೇಹವೂ ಇಂಥ ಮತ್ತೊಬ್ಬ ಕಳ್ಳ. ಕಣ್ಣಿನ ಹಿಂಬದಿಯ ಅಕ್ಷಿಪಟಲದ ಸಣ್ಣ ರಕ್ತನಾಳಗಳನ್ನು ಅದು ಹಾಳುಗೆಡವುತ್ತದೆ. ದೃಷ್ಟಿ ಕುಂದುವ ಎಷ್ಟೋ ಮೊದಲೇ ಹಾನಿ ನಡೆದಿರಬಹುದು. ವರ್ಷಕ್ಕೊಮ್ಮೆಯಾದರೂ ಪಾಪೆಯನ್ನು ಹಿಗ್ಗಿಸಿ ಪರೀಕ್ಷಿಸಿದರೆ, ಲೇಸರ್ ಅಥವಾ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದಿನಿಂದ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು. ಆ ದಿನ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ಜೊತೆಗೊಬ್ಬರು ಹೋದರೆ ಒಳ್ಳೆಯದು.

ಅಂದೇ ಓಡಬೇಕಾದ ಲಕ್ಷಣಗಳು

ಕೆಲವಕ್ಕೆ ನಾಳೆ ಎಂಬುದಿಲ್ಲ. ಕಣ್ಣ ಮುಂದೆ ಹಠಾತ್ತನೆ ಮಿಂಚು ಹೊಳೆದಂತಾಗಿ, ಕಪ್ಪು ಚುಕ್ಕೆಗಳು ಸುರಿದು, ಪರದೆ ಇಳಿದಂತಾದರೆ ಅಕ್ಷಿಪಟಲ ಕಳಚುತ್ತಿರಬಹುದು. ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಕಣ್ಣಿನ ಒತ್ತಡ ಒಮ್ಮೆಲೇ ಏರಿರಬಹುದು. ಸುಣ್ಣ ಬಿದ್ದರೆ ಮೊದಲು ಹತ್ತಾರು ನಿಮಿಷ ಶುದ್ಧ ನೀರಿನಿಂದ ಎಡೆಬಿಡದೆ ತೊಳೆದು, ಆಮೇಲೆ ಆಸ್ಪತ್ರೆಗೆ ಧಾವಿಸಬೇಕು. ಮಗುವಿನ ಮೆಳ್ಳೆಗಣ್ಣನ್ನು ಅದೃಷ್ಟದ ಗುರುತೆಂದು ಬಿಡಬಾರದು. ಎಳವೆಯಲ್ಲೇ ತೋರಿಸದಿದ್ದರೆ ಆ ಕಣ್ಣು ನೋಡುವುದನ್ನು ಕಲಿಯದೆ ಸೋಮಾರಿಯಾಗಿ ಉಳಿದುಬಿಡಬಹುದು.

ಎಲ್ಲಕ್ಕೂ ಅಂಜಬೇಕಾಗಿಲ್ಲ. ನಲವತ್ತರ ಸುಮಾರಿಗೆ ಪುಸ್ತಕವನ್ನು ದೂರ ಹಿಡಿದು ಓದುವಂತಾದರೆ ಅದು ಚಾಳೀಸು, ರೋಗವಲ್ಲ. ಆದರೂ ಸಂತೆಯಲ್ಲಿ ಕನ್ನಡಕ ಕೊಳ್ಳುವ ಬದಲು ವೈದ್ಯರಲ್ಲಿಗೆ ಹೋಗುವುದು ಮೇಲು. ಚಾಳೀಸಿನ ನೆಪದಲ್ಲಿ ಕಣ್ಣಿನ ಒತ್ತಡವೂ ನರವೂ ಪರೀಕ್ಷೆಗೆ ಒಳಗಾಗುತ್ತವೆ.

ನನ್ನ ತಂದೆಯವರ ಎಡಗಣ್ಣಿನ ಕಟ್ಟು ಬಿಚ್ಚಿದ ದಿನ ಅವರು ಮೊದಲು ನೋಡಿದ್ದು ನನ್ನ ಮುಖವನ್ನು. "ಇಷ್ಟು ಬೇಗ ನಿನ್ನ ಕಿವಿಯ ಹತ್ತಿರ ಕೂದಲು ನರೆತಿದೆಯಲ್ಲೋ!" ಎಂದು ನಕ್ಕರು. ಈಗ ಬೆತ್ತದ ಕುರ್ಚಿ ಹಿಂದಿನ ಜಾಗಕ್ಕೇ ಮರಳಿದೆ. ಪತ್ರಿಕೆಯನ್ನು ಕೊನೆಯ ಸಾಲಿನವರೆಗೂ ಓದುತ್ತಾರೆ. ಆದರೆ ಕಾಫಿಯ ಲೋಟವನ್ನು ತಾಯಿಯವರು ಎಡಗಡೆಯೇ ಇಡುತ್ತಾರೆ. ಬಲಗಡೆಯ ಜಗತ್ತನ್ನು ನೋಡಲು ಅವರು ಕತ್ತನ್ನು ಪೂರ್ತಿ ತಿರುಗಿಸಬೇಕು. ಕಾದು ಕುಳಿತ ಆ ವರ್ಷದಲ್ಲಿ ಎಷ್ಟು ಎಳೆಗಳು ಸತ್ತವೋ, ಲೆಕ್ಕ ಹಾಕುವ ಧೈರ್ಯ ನನಗಿಲ್ಲ.

ಮಗನಾದುದರಿಂದ ನಾನೂ ಪರೀಕ್ಷೆಗೆ ಕುಳಿತೆ. ನನ್ನ ಕಣ್ಣಿನ ಒತ್ತಡವೂ ಮಿತಿ ಮೀರಿತ್ತು. ನರ ಮಾತ್ರ ಇನ್ನೂ ಕೆಟ್ಟಿರಲಿಲ್ಲ. ರಾತ್ರಿ ಊಟವಾದ ಮೇಲೆ ತಂದೆ ಮಗ ಇಬ್ಬರೂ ಪಡಸಾಲೆಯಲ್ಲಿ ತಲೆಯೆತ್ತಿ ಕುಳಿತು ಒಂದೊಂದು ಹನಿ ಹಾಕಿಕೊಳ್ಳುತ್ತೇವೆ.

ಓದುಗರೆ, ನಿಮ್ಮ ಮನೆಯ ಹಿರಿಯರ ಕುರ್ಚಿ ಕಿಟಕಿಯತ್ತ ಸರಿಯುತ್ತಿದೆಯೆ? ಅವರ ಭುಜ ಬಾಗಿಲಿಗೆ ತಗುಲುತ್ತಿದೆಯೆ? ಹಾಗಿದ್ದರೆ ಪೊರೆ ಬಲಿಯಲಿ ಎಂದು ಕಾಯಬೇಡಿ. ಅದು ಬರಿಯ ಪೊರೆಯೇ ಆಗಿದ್ದರೆ ಸಂತೋಷ. ಆದರೆ ಅದನ್ನು ಹೇಳಬೇಕಾದವರು ನೇತ್ರವೈದ್ಯರು, ನಾವಲ್ಲ.