ಕಿತ್ತಿಕೊ, ಹಚ್ಚಿಕೊ: ಹೊಳೆ ದಂಡೆಯ ಪಾಠ

ಮಳೆಗಾಲ ಶುರುವಾದರೆ ಟಿವಿಯಲ್ಲಿ ಉಳ್ಳಾಲದ ಕಡಲ್ಕೊರೆತ ತೋರಿಸುತ್ತಾರೆ. ತೆಂಗಿನ ಮರ ಉರುಳುತ್ತದೆ, ಮನೆಯ ಗೋಡೆ ಕುಸಿಯುತ್ತದೆ. ದಾವಣಗೆರೆಯಲ್ಲಿ ಕುಳಿತ ನಾವು ‘ಪಾಪ’ ಎಂದು ಚಾನೆಲ್ ಬದಲಿಸುತ್ತೇವೆ. ನಮಗೆ ಕಡಲಿಲ್ಲ, ನಿಜ. ಆದರೆ ಪಕ್ಕದ ಹರಿಹರದಲ್ಲಿ ಹೊಳೆ ಇದೆ. ರಾಜನಹಳ್ಳಿಯಲ್ಲಿ ಎತ್ತಿದ ಆ ತುಂಗಭದ್ರೆಯ ನೀರು ನಮ್ಮೂರಿನ ನಲ್ಲಿಗಳಿಗೂ ಬರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ಕರ್ನಾಟಕದ 17 ಕಲುಷಿತ ನದಿ ಭಾಗಗಳಲ್ಲಿ ತುಂಗಭದ್ರೆಯೂ ಇದೆ.

ಎಂಜಿನಿಯರಿಂಗ್ ಓದುವ ನಮಗೆ ಇದು ಬಿಒಡಿ ಎಂಬ ಅಂಕಿ. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಐದು ದಿನದಲ್ಲಿ ಎಷ್ಟು ಆಮ್ಲಜನಕ ಬಳಸುತ್ತವೆ ಎಂಬ ಲೆಕ್ಕ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಆ ನೀರು ಸ್ನಾನಕ್ಕೂ ಯೋಗ್ಯವಲ್ಲ. ಪರೀಕ್ಷೆಯಲ್ಲಿ ಬರೆಯುತ್ತೇವೆ, ಮುಂದಿನ ಸೆಮಿಸ್ಟರಿಗೆ ಮರೆಯುತ್ತೇವೆ. ಇಂಥ ಅಂಕಿ ಕೇಳಿ ಜನ ಬೀದಿಗಿಳಿದದ್ದನ್ನು ನಾನಂತೂ ಕಂಡಿಲ್ಲ.

ಆದರೆ ಇದೇ ಹೊಳೆಗಾಗಿ ಜನ ಬೀದಿಗಿಳಿದದ್ದುಂಟು. ಹರಿಹರದ ಎದುರು ದಂಡೆ ಕುಮಾರಪಟ್ಟಣ. ಅಲ್ಲಿನ ಕಾರ್ಖಾನೆಯಿಂದ ಹೊಳೆಗೆ ಸೇರುತ್ತಿದ್ದ ತ್ಯಾಜ್ಯ ನೀರಿನ ವಿರುದ್ಧ 1980ರ ದಶಕದಲ್ಲಿ ರಾಣೆಬೆನ್ನೂರು ಕಡೆಯ ಹಳ್ಳಿಗರು ಎದ್ದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಜೊತೆಗೆ ನಿಂತಿತು. ಹೋರಾಟ ನೀರಿನಿಂದ ನೆಲಕ್ಕೂ ಹಬ್ಬಿತು. ಸರ್ಕಾರದ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನೀಲಗಿರಿ ಬೆಳೆಯಲು ಸುಮಾರು 75 ಸಾವಿರ ಎಕರೆ ಸಾಮೂಹಿಕ ಜಮೀನು ಕೊಡುವ ಯೋಜನೆ ಬಂದಿತ್ತು. ಊರವರ ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ಜಾಗ ಅದು.

1987ರ ನವೆಂಬರ್ 14. ಹಾನಗಲ್ ತಾಲ್ಲೂಕಿನ ಕುಸನೂರು. ಸುಮಾರು ಎರಡು ಸಾವಿರ ಜನ ಮೆರವಣಿಗೆಯಲ್ಲಿ ಆ ಜಮೀನಿಗೆ ಹೋದರು. ಬಾಬಾ ಆಮ್ಟೆ ಇದ್ದರು, ಕವಿ ಚೆನ್ನವೀರ ಕಣವಿ ಇದ್ದರು. ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತರು. ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡಗಳನ್ನು ನೆಟ್ಟರು. ಅದೇ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ. ಬೆಂಗಳೂರಿನವರಿಗೆ ಹಚ್ಚುವುದೆಂದರೆ ದೀಪ. ನಮ್ಮ ಕಡೆ ಸಸಿಯನ್ನೂ ಹಚ್ಚುತ್ತಾರೆ. ಹೆಸರೇ ಅರ್ಧ ಕೆಲಸ ಮಾಡಿತ್ತು ಅನ್ನಿ.

ಇದನ್ನು ಸತ್ಯಾಗ್ರಹ ಎಂದೇ ಕರೆದರು, ಕಲೆ ಎಂದಲ್ಲ. ನನಗೆ ಮಾತ್ರ ಇದು ನಾನು ಕೇಳಿದ ಅತ್ಯುತ್ತಮ ಬೀದಿನಾಟಕ. ಲೆಕ್ಕ ಹಾಕಿದರೆ 75 ಸಾವಿರ ಎಕರೆಯ ಮುಂದೆ ನೂರು ಸಸಿ ಏನೂ ಅಲ್ಲ. ಆದರೆ ಏನು ಬೇಡ, ಏನು ಬೇಕು ಎಂಬುದು ಕಣ್ಣಿಗೆ ಕಂಡಿತು. ನಟರು, ಪ್ರೇಕ್ಷಕರು ಎಂಬ ಭೇದವೇ ಇರಲಿಲ್ಲ. ಕೆಲ ವರ್ಷಗಳಲ್ಲಿ ಆ ಕಂಪನಿ ಮುಚ್ಚಿತು. ಸುಪ್ರೀಂ ಕೋರ್ಟಿನ ಅರ್ಜಿಯೂ ಅದಕ್ಕೆ ಕಾರಣ. ಆ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು. ಯಕ್ಷಗಾನಕ್ಕೆ ದುಡಿದ ಅದೇ ಕಾರಂತರು! ಅದಕ್ಕೂ ಮೊದಲು, 1983ರಲ್ಲಿ, ಶಿರಸಿ ಬಳಿಯ ಸಲ್ಕಣಿಯಲ್ಲಿ ಶುರುವಾದ ಅಪ್ಪಿಕೊ ಚಳವಳಿ ಊರಿಂದೂರಿಗೆ ಹೋದದ್ದೂ ಪಾದಯಾತ್ರೆ, ಜನಪದ ಕುಣಿತ, ಬೀದಿನಾಟಕಗಳ ಹೆಗಲೇರಿಯೇ.

ಕಡಲಂಚಿನಲ್ಲೂ ಇಂಥದ್ದಿದೆ. ಬಂಗಾಳದ ಸುಂದರಬನದಲ್ಲಿ ಜೇನು, ಏಡಿ, ಮೀನಿಗಾಗಿ ಕಾಡಿಗೆ ಹೋಗುವವರು ಬೊನ್‌ಬೀಬಿಯ ಆಟ ಆಡುತ್ತಾರೆ. ಹಿಂದೂ, ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಕಾಡಿನ ತಾಯಿ ಆಕೆ. ಬೇಕಾದಷ್ಟೇ ತೆಗೆದುಕೊಂಡರೆ ಕಾಯುತ್ತಾಳೆ. ದುರಾಸೆಗೆ ಬಿದ್ದವನಿಗೆ ಹುಲಿಯ ರೂಪದ ದಕ್ಷಿಣರಾಯ ಎದುರಾಗುತ್ತಾನೆ. ಇಂದು ಆಟ ನೋಡುವವನೇ ನಾಳೆ ಕಾಡಿಗೆ ಹೋಗುವವ. ಯಾರೋ ಹೊರಗಿನಿಂದ ಬಂದು ಮೂಡಿಸುವ ‘ಜಾಗೃತಿ’ ಅಲ್ಲ.

ನಮ್ಮ ಕಾಲೇಜುಗಳ ಪರಿಸರ ದಿನದ ನಾಟಕ ನಿಮಗೂ ಗೊತ್ತು. ಒಬ್ಬ ಪ್ಲಾಸ್ಟಿಕ್ ರಾಕ್ಷಸ, ಒಬ್ಬಳು ಅಳುವ ಭೂಮಿತಾಯಿ, ಪ್ರತಿಜ್ಞೆ, ಗ್ರೂಪ್ ಫೋಟೊ. ಚಿಂದೋಡಿ ಲೀಲಾ ಅವರ ಊರಿನಲ್ಲಿ, ಕೆಬಿಆರ್ ಡ್ರಾಮಾ ಕಂಪನಿ ಬೆಳೆದ ಊರಿನಲ್ಲಿ ಇಷ್ಟು ಸಪ್ಪೆ ನಾಟಕವೇ ಎಂದು ಬೇಸರವಾಗುತ್ತದೆ. ಅದರಲ್ಲಿ ಹೊಳೆಯನ್ನೇ ನಂಬಿದವರ ಒಂದು ಮಾತೂ ಇರುವುದಿಲ್ಲ.

ನಾವು ನಾಲ್ವರು ಗೆಳೆಯರು ಒಂದು ಯೋಚನೆ ಮಾಡಿದ್ದೇವೆ. ತಿಂಗಳಿಗೊಮ್ಮೆ ಹರಿಹರದ ಹೊಳೆ ನೀರಿನ ಬಿಒಡಿ ಪರೀಕ್ಷಿಸಿ, ಫಲಿತಾಂಶವನ್ನು ದಂಡೆಯ ಗೋಡೆ ಮೇಲೆ ಮೀನುಗಳಾಗಿ ಬಿಡಿಸುವುದು. ನೀರು ಚೆನ್ನಾಗಿದ್ದರೆ ಹೆಚ್ಚು ಮೀನು, ಕೆಟ್ಟರೆ ಕಡಿಮೆ. ಬಣ್ಣ ಸುಣ್ಣ ಮತ್ತು ಕೆಮ್ಮಣ್ಣಿನದು. ಬಿಡಿಸುವವರು ಅಲ್ಲೇ ಬಟ್ಟೆ ಒಗೆಯುವ, ಬಲೆ ಬೀಸುವ ಮನೆಗಳ ಹೆಂಗಸರು, ಮಕ್ಕಳು. ಕಳೆದ ವಾರ ಹಿರಿಯ ಮೀನುಗಾರರೊಬ್ಬರಿಗೆ ಇದನ್ನು ಹೇಳಿದೆವು. ‘ಬರೀರಿ, ಬ್ಯಾಡ ಅನ್ನಲ್ಲ. ಆದ್ರೆ ಯಾವ ಮೀನು ಅಂತ ನಮ್ಮನ್ನ ಕೇಳಿ ಬರೀರಿ. ಈಗ ಸಿಗದೇ ಇರೋವು ಭಾಳ ಅದಾವೆ ತಮ್ಮಾ’ ಎಂದರು. ಅವರು ಹೇಳಿದ ಹೆಸರುಗಳು ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿವೆ. ಪಟ್ಟಿ ಇನ್ನೂ ಮುಗಿದಿಲ್ಲ, ಭಾನುವಾರ ಮತ್ತೆ ಬರಲು ಹೇಳಿದ್ದಾರೆ.